ಹಿಂದಿನ ಬೀದಿಯ ಗರಾಜ್ ಸೇಲ್: ಐದಕ್ಕೆ ನಾಲ್ಕೂವರೆ

ಹಿಂದಿನ ಬೀದಿಯವರು ಮನೆ ಖಾಲಿ ಮಾಡುವ ಮುಂಚೆ ಇಟ್ಟಿರುವ ಈ ಗರಾಜ್ ಸೇಲ್ ನನಗೆ ತುಂಬಾ ಹಿಡಿಸಿತು. ಪ್ರತಿ ಸಾಮಾನಿಗೂ ಬೆಲೆ ಚೀಟಿ ಇದೆ. ಅದಕ್ಕಿಂತ ಮೆಚ್ಚಿದ್ದು, ಕರೆಂಟಿನ ವಸ್ತುಗಳನ್ನು ಹಾಕಿ ನೋಡಿಕೊಳ್ಳಲೆಂದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇಟ್ಟಿದ್ದಾರೆ. ಇಷ್ಟು ಪ್ರಾಮಾಣಿಕತೆ ಎಲ್ಲ ಕಡೆ ಸಿಗುವುದಿಲ್ಲ.

ಇಂಥ ಕಡೆ ಹೋಗುವಾಗ ನನ್ನ ಚೀಲದಲ್ಲಿ ಅಳತೆ ಟೇಪು, ಟಾರ್ಚು, ಚಿಲ್ಲರೆ, ಒಂದು ಪುಟ್ಟ ಅಯಸ್ಕಾಂತ ಇದ್ದೇ ಇರುತ್ತವೆ. ಹಿತ್ತಾಳೆಯದು ಎಂದು ಬರೆದಿದ್ದ ಲ್ಯಾಂಪ್ ಸ್ಟ್ಯಾಂಡಿಗೆ ಅಯಸ್ಕಾಂತ ಟಕ್ಕನೆ ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹೇಳಿದ ಕೂಡಲೇ ಮಾಲೀಕರು ಚೀಟಿ ಬದಲಾಯಿಸಿದರು. ಪಕ್ಕದಲ್ಲಿದ್ದ ಬರೆಯುವ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ಮೂಲೆ ನೋಡಿದೆ: ಹಲ್ಲುಹಲ್ಲಾಗಿ ಕೊರೆದು ಒಂದರೊಳಗೊಂದು ಕೂರಿಸಿದ ಮರ, ಒಂದು ಮೊಳೆಯೂ ಇಲ್ಲ. ತಳವೂ ಗಟ್ಟಿ ಹಲಗೆಯೇ. ಅದಕ್ಕೊಂದು ಕುರ್ಚಿ ಸೇರಿಸಿ ಎರಡಕ್ಕೂ ಒಟ್ಟಿಗೆ ಬೆಲೆ ಕೇಳಿದೆ, ಸಂತೋಷದಿಂದಲೇ ಇಳಿಸಿಕೊಟ್ಟರು.

ಅರ್ಧ ಅಂಕ ಕಳೆದದ್ದು ಹೆಲ್ಮೆಟ್ಟು ಮತ್ತು ಮಗುವಿನ ಕಾರ್ ಸೀಟಿಗಾಗಿ. ಅಪಘಾತದಲ್ಲಿ ಪೆಟ್ಟು ತಿಂದಿದ್ದರೂ ಹೊರಗೆ ಗೊತ್ತಾಗದ ವಸ್ತುಗಳಿವು. ಕಾರ್ ಸೀಟಿಗಂತೂ ಬಳಕೆಯ ಅವಧಿಯೂ ಇರುತ್ತದೆ. ಎಷ್ಟೇ ಅಗ್ಗವಾದರೂ ದಯವಿಟ್ಟು ಕೊಳ್ಳಬೇಡಿ. ಸೋಫಾ ಬೇಕಿದ್ದವರು ಹೊಲಿಗೆಯ ಸಂದಿಗೆ ಟಾರ್ಚು ಬಿಟ್ಟು ತಿಗಣೆಯ ಕಪ್ಪು ಚುಕ್ಕೆಗಳಿವೆಯೇ ನೋಡಿ.

ನಾಳೆಯೂ ಸೇಲ್ ಇದೆ. ಮರದ ಸಾಮಾನು ಬೇಕೆಂದರೆ ತೆರೆಯುವ ಹೊತ್ತಿಗೇ ಹೋಗಿ. ಪುಸ್ತಕದ ಪೆಟ್ಟಿಗೆಗಳು ಬೇಕಾದಷ್ಟಿವೆ, ಸಂಜೆ ಹೋದರೂ ಸಿಗುತ್ತವೆ, ಆಗ ಬೆಲೆಯೂ ಇಳಿದಿರುತ್ತದೆ.