ಜೀತದಿಂದ ಬಿಡಿಸಲು ಎರಡು ದಾರಿ: ಮೊದಲು ಯಾವುದು?

ನಿಮ್ಮೂರಿನ ಇಟ್ಟಿಗೆ ಗೂಡಿನಲ್ಲಿ ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬವೊಂದಿದೆ ಅಂದುಕೊಳ್ಳಿ. ಆಧಾರ್ ಕಾರ್ಡ್ ಮಾಲೀಕನ ಬೀರುವಿನಲ್ಲಿದೆ. ಲೆಕ್ಕದ ಪುಸ್ತಕದಲ್ಲಿ ಸಾಲ ವಾರ ವಾರಕ್ಕೂ ಬೆಳೆಯುತ್ತಿದೆ. ಎಲ್ಲಿಗೆ ಹೋಗಬೇಕು?

ಒಂದು ದಾರಿ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಜೀತದ ಸಾಲ ಈ ಕಾಯ್ದೆಯಿಂದಲೇ ರದ್ದಾಗುತ್ತದೆ, ಒಂದು ರೂಪಾಯಿಯೂ ತೀರಿಸಬೇಕಿಲ್ಲ. ಬಿಡುಗಡೆ ಪತ್ರವನ್ನಂತೂ ಕೇಳಿ ಪಡೆಯಿರಿ. ಪುನರ್ವಸತಿ ಹಣಕ್ಕೆ ಓಡಾಡುವಾಗ ಎಲ್ಲರೂ ಮೊದಲು ಕೇಳುವುದು ಆ ಕಾಗದವನ್ನೇ. ಆದರೆ ಶಿಕ್ಷೆ ತೀರಾ ಕಡಿಮೆ: ಹೆಚ್ಚೆಂದರೆ 3 ವರ್ಷ ಜೈಲು, 2,000 ರೂಪಾಯಿ ದಂಡ. ಇಷ್ಟು ಸಣ್ಣ ದಂಡಕ್ಕೆ ಯಾವ ಮಾಲೀಕ ಹೆದರುತ್ತಾನೆ ಹೇಳಿ? ಇದನ್ನು ಬಿಗಿ ಮಾಡಲೇಬೇಕು.

ಇನ್ನೊಂದು ದಾರಿ ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಕಳ್ಳಸಾಗಣೆಗೆ 7ರಿಂದ 10 ವರ್ಷ ಶಿಕ್ಷೆ ಹೇಳುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಅಥವಾ ಒಂದು ಮಗುವಿದ್ದರೆ 10 ವರ್ಷದಿಂದ ಜೀವಾವಧಿಯವರೆಗೆ, ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ 14 ವರ್ಷದಿಂದ ಜೀವಾವಧಿಯವರೆಗೆ. ಮೋಸ ಮಾಡಿ ಕರೆತಂದ ಏಜೆಂಟನೂ ಸಿಕ್ಕಿಬೀಳುತ್ತಾನೆ. ಆದರೆ ಕೇಸು ಎಳೆಯುತ್ತದೆ, ಸಾಕ್ಷಿ ಹೇಳಲು ಆ ಕುಟುಂಬ ಮತ್ತೆ ಮತ್ತೆ ಬರಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಎರಡನ್ನೂ ಒಟ್ಟಿಗೇ ಹಿಡಿಯಿರಿ, ಕಾನೂನಿನ ಅಡ್ಡಿಯಿಲ್ಲ. ಬಿಡುಗಡೆ ಪತ್ರ ಅವರ ಕೈಗೆ ಬರುವವರೆಗೆ ಸುಮ್ನೆ ಬಸ್ ಹತ್ತಿಸಿ ಊರಿಗೆ ಕಳಿಸಬೇಡಿ. ತುರ್ತಿದ್ದರೆ 112ಕ್ಕೆ, ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಿ.