ವಾಕರ್ ಮನೆತನಕ್ಕೊಂದು ಸಿಂಹ, ನನಗೆ 1,450 ರೂಪಾಯಿ ದಂಡ

ಎರಡು ಸ್ಟಾರ್ ಕೊಟ್ಟಿದ್ದೇನೆ. ಅದೂ ಕಾಗದಕ್ಕೆ.

ನನ್ನ ತಮ್ಮ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅವನ ಮ್ಯಾನೇಜರ್ ವಾಕರ್ ಅಂತ, ರಿಟೈರ್ ಆಗುತ್ತಿದ್ದಾರೆ. ಏನಾದರೂ ಚೆನ್ನಾಗಿರೋದು ನೋಡಕ್ಕಾ ಅಂದ. ಹುಡುಕುವಾಗ ಈ ಮನೆತನದ ಹೆಸರಿನ ಪಟ ಕಣ್ಣಿಗೆ ಬಿತ್ತು. ಹೆಸರು ಕೊಟ್ಟರೆ ಸಾಕು, ಅದರ ಇತಿಹಾಸ, ಲಾಂಛನ ಎಲ್ಲ ಪ್ರಿಂಟ್ ಮಾಡಿ ಕಳಿಸುತ್ತಾರೆ. ಚಿತ್ರದುರ್ಗಕ್ಕೆ ಆರು ದಿನದಲ್ಲಿ ಬಂತು. ಕಾಗದ ದಪ್ಪ, ಅಕ್ಷರ ಚೆಂದ, ಒಂದು ಮಡಿಕೆಯೂ ಬಿದ್ದಿರಲಿಲ್ಲ. ಹೊಗಳುವುದು ಇಲ್ಲಿಗೆ ಮುಗಿಯಿತು.

ಪಟದ ಪ್ರಕಾರ ವಾಕರ್ ಅಂದರೆ ದೂರದ ಯುದ್ಧಗಳಿಗೆ ನಡೆದು ಹೋದ ವೀರರ ವಂಶವಂತೆ, ಲಾಂಛನವಾಗಿ ಸಿಂಹದ ಗುರಾಣಿ ಬೇರೆ! ನಡೆದದ್ದೇನೋ ನಿಜ, ಆದರೆ ತೊಟ್ಟಿಯೊಳಗೆ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಸಡಿಲವಾಗಿರುತ್ತದೆ, ಜಿಡ್ಡು ಬೇರೆ. ಅದನ್ನು ನೀರಲ್ಲಿ ಹಾಕಿ, ಮಣ್ಣು ಕಲಸಿ, ಹಳೆ ಮೂತ್ರವನ್ನೂ ಸುರಿದು (ಹೌದು, ಮೂತ್ರವೇ, ಜಿಡ್ಡು ಬಿಡಿಸೋಕೆ) ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಪ್ಪ ಆಗುತ್ತದೆ. ಹಾಗೆ ತುಳಿಯುವವನೇ ವಾಕರ್. 12ನೇ ಶತಮಾನದಿಂದ ನೀರಿನ ರಭಸದಲ್ಲಿ ನಡೆಯುವ ಗಿರಣಿಗಳು ಬಂದು ಕಾಲಿನ ಕೆಲಸ ಕಡಿಮೆಯಾಯಿತು, ಹೆಸರು ಮಾತ್ರ ಉಳಿಯಿತು. ಇದೇ ಕಸುಬಿನವರಿಗೆ ಇಂಗ್ಲೆಂಡಿನ ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್ ಅಂತಿದ್ದರು. ವಾಕರ್ ಉತ್ತರದ ಕಡೆಯ ಮಾತು, ಲೀಡ್ಸ್ ಇರುವುದೂ ಅಲ್ಲೇ. ನಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ತ್ ಅಂತ ಹೆಸರು ಬಂದದ್ದು ಈ ಫುಲ್ಲರ್‌ಗಳಿಂದಲೇ.

ತಮಾಷೆ ಕೇಳಿ. ಅವರ ಸೈಟಿನಲ್ಲಿ ಟಕರ್ ಅಂತ ಹಾಕಿ ನೋಡಿದೆ. ಅಲ್ಲೂ ಅದೇ ವೀರರು, ಅದೇ ಸಿಂಹ! ಎರಡೂ ಒಂದೇ ಕಸುಬು ಅಂತ ಗೊತ್ತಿಲ್ಲದೆಯೇ ಒಂದೇ ಕಥೆ ಹಾಕಿಬಿಟ್ಟಿದ್ದಾರೆ.

ಸಿಂಹದ ಗುರಾಣಿಯದ್ದಂತೂ ಪೂರ್ತಿ ಬುರುಡೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಕಾಲೇಜ್ ಆಫ್ ಆರ್ಮ್ಸ್, 1484ರಿಂದ ಇರುವ ಸಂಸ್ಥೆ. ಅದನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಅವನ ವಂಶದವರಿಗೆ. ಹೆಸರು ಒಂದೇ ಅಂತ ಎಲ್ಲರಿಗೂ ಸಿಗಲ್ಲ. ಅಷ್ಟಕ್ಕೂ ಕಸುಬಿನ ಹೆಸರು ಎಷ್ಟೋ ಊರುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡದ್ದು. ನಮ್ಮಲ್ಲಿ ಬಡಿಗೇರ, ಕಮ್ಮಾರ ಅನ್ನುವವರೆಲ್ಲ ಒಂದೇ ಮನೆಯವರಾ? ಅಲ್ವಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ನಮ್ಮ ಅಜ್ಜಿಯ ಮನೆ ಚಳ್ಳಕೆರೆ ಕಡೆ, ಕಂಬಳಿ ನೇಯುವವರು. ಹುಣಸೆಬೀಜದ ಗಂಜಿ ಬಳಿದ ಕಂಬಳಿಯ ವಾಸನೆ ಈಗಲೂ ಮೂಗಲ್ಲಿದೆ. ಉಣ್ಣೆ ತುಳಿದು ಹೊಟ್ಟೆ ಹೊರೆದವರು ಅಂತ ಬರೆದಿದ್ದರೆ ಯಾರಿಗೆ ಏನು ಕಮ್ಮಿ ಆಗುತ್ತಿತ್ತು?

ವಾಪಸ್ ತಗೊಳ್ಳಿ ಅಂದೆ. ಹೆಸರು ಹಾಕಿ ಮಾಡಿಕೊಟ್ಟದ್ದಕ್ಕೆ ವಾಪಸ್ ಇಲ್ಲವಂತೆ. ಹೆಸರೊಂದು ಬಿಟ್ಟು ಇನ್ನೇನು ಮಾಡಿದ್ದಾರೋ! ಪಟ ಬೀರುವಿನ ಮೇಲಿದೆ. ವಾಕರ್ ಅವರಿಗೆ ಚಳ್ಳಕೆರೆಯ ಒಂದು ಕರಿ ಕಂಬಳಿ ಕಳಿಸಿದೆ, ತೊಟ್ಟಿಯ ಕಥೆಯನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟು. ಮೂತ್ರದ ಸಾಲು ತೆಗೆದುಬಿಡು ಅಂತ ತಮ್ಮ ಹೇಳಿದ. ನಾನು ತೆಗೆಯಲಿಲ್ಲ.