‘550 ಅಂಕ ಬಾರದಿದ್ದರೆ ಹಣ ವಾಪಸ್’ ಎನ್ನುವ ನೀಟ್ ತರಬೇತಿ ಕೇಂದ್ರಗಳ ಬಗ್ಗೆ ಎಚ್ಚರವಿರಲಿ

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಒಂದು ವರ್ಷ ಓದಿಸುವ ‘ಲಾಂಗ್ ಟರ್ಮ್’ ತರಬೇತಿಗೆ ಮಕ್ಕಳನ್ನು ಸೇರಿಸಲು ಹೊರಟಿರುವ ತಂದೆತಾಯಂದಿರು ದಯವಿಟ್ಟು ಮುಂಗಡ ಕಟ್ಟುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕು. ‘550 ಅಂಕ ಖಚಿತ, ಬಾರದಿದ್ದರೆ ಪೂರ್ಣ ಶುಲ್ಕ ವಾಪಸ್’ ಎಂದು ಕರಪತ್ರ ಅಚ್ಚು ಹಾಕಿಸಿ ಹಂಚುವ ಒಂದು ತರಬೇತಿ ಕೇಂದ್ರವು ನಮ್ಮಿಂದ 1,60,000 ರೂಪಾಯಿ ತೆಗೆದುಕೊಂಡಿತು, ನನ್ನ ಮಗಳ ಒಂದು ವರ್ಷವನ್ನೂ ತೆಗೆದುಕೊಂಡಿತು, ಕೊನೆಗೆ ಕೊಟ್ಟ ಮಾತನ್ನು ನಮ್ಮ ಕಣ್ಣೆದುರೇ ನುಂಗಿಹಾಕಿತು. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಕುದಿಸುತ್ತಿರುವುದು ಅವರು ವಾರವಾರವೂ ನಮ್ಮ ಮೊಬೈಲಿಗೆ ಕಳುಹಿಸುತ್ತಿದ್ದ ಅಂಕಗಳು. ಆ ಅಂಕಗಳನ್ನು ನಂಬಿ ನಾವು ಬಂಧುಬಳಗದಲ್ಲಿ ಸಂತೋಷದಿಂದ ಹೇಳಿಕೊಂಡಿದ್ದೆವು. ಈಗ ಯಾರಾದರೂ ‘ಮಗಳು ಎಲ್ಲಿ ಮೆಡಿಕಲ್ ಸೇರಿದಳು’ ಎಂದು ಕೇಳಿದರೆ ಮಗಳು ಅಲ್ಲಿಂದ ಎದ್ದು ಹೋಗುತ್ತಾಳೆ, ಉತ್ತರ ಹೇಳುವ ಹೊಣೆ ನನ್ನ ಮೇಲೆ ಬೀಳುತ್ತದೆ.

ಅವಳು ಮೊದಲ ಸಲ ನೀಟ್ ಬರೆದದ್ದು 2024ರ ಮೇ 5ರಂದು. ಆ ವರ್ಷದ ಗೊಂದಲ ಎಲ್ಲರಿಗೂ ನೆನಪಿರುತ್ತದೆ. ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕ, ಸುಪ್ರೀಂ ಕೋರ್ಟಿನ ವಿಚಾರಣೆ ಎಲ್ಲವೂ ಮುಗಿದು ಪರಿಷ್ಕೃತ ಫಲಿತಾಂಶ ಬಂದಾಗಲೂ 720ಕ್ಕೆ 720 ಪಡೆದವರು 17 ಮಂದಿ ಇದ್ದರು. ಅಂಥ ಪೈಪೋಟಿಯ ನಡುವೆ ಇನ್ನೊಂದು ವರ್ಷ ಓದುತ್ತೇನೆ ಎಂದು ಅವಳೇ ಕೇಳಿಕೊಂಡಳು, ನಾವೂ ಒಪ್ಪಿದೆವು. ಕೇಂದ್ರದಲ್ಲಿ ಡೆಮೊ ತರಗತಿ ತೆಗೆದುಕೊಂಡ ಭೌತಶಾಸ್ತ್ರದ ಹಿರಿಯ ಉಪನ್ಯಾಸಕರು ನಿಜಕ್ಕೂ ಚೆನ್ನಾಗಿ ಪಾಠ ಮಾಡಿದರು. ಶುಲ್ಕ ಕಟ್ಟಿದ ಮೇಲೆ ಆ ಉಪನ್ಯಾಸಕರು ಮಗಳ ಬ್ಯಾಚಿಗೆ ಒಮ್ಮೆಯೂ ಬರಲಿಲ್ಲ. ಕೇಳಿದರೆ ‘ಅವರನ್ನು ಬೇರೆ ಶಾಖೆಗೆ ಹಾಕಿದ್ದೇವೆ’ ಎಂಬ ಉತ್ತರ ಬಂತು. ಇಂಥದ್ದು ಬಹಳ ಕಡೆ ನಡೆಯುತ್ತದೆಂದು ಸುಮ್ಮನಾದೆವು.

ಹಣ ವಾಪಸಾತಿಯ ವಿಷಯವನ್ನು ಮಾತ್ರ ನಾನು ಸೇರಿಸುವ ದಿನವೇ ಬಿಡಿಸಿ ಬಿಡಿಸಿ ಕೇಳಿದ್ದೆ. ‘ಇದಕ್ಕೆ ಷರತ್ತುಗಳೇನಾದರೂ ಇವೆಯೇ’ ಎಂದಾಗ ಅಲ್ಲಿನ ಕೌನ್ಸೆಲರ್ ನಗುತ್ತಲೇ ‘ಮಗು ತಪ್ಪದೆ ಬರಬೇಕು, ಟೆಸ್ಟ್ ಬರೆಯಬೇಕು, ಅಷ್ಟೇ ಮೇಡಂ’ ಎಂದರು. ಅದನ್ನೇ ವಾಟ್ಸ್ಆ್ಯಪಿನಲ್ಲಿ ಬರೆದು ಕಳುಹಿಸಿ ಎಂದೆ, ಬರೆದು ಕಳುಹಿಸಿದರು. ಆ ಸಂದೇಶ ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಇರುವುದು ಆ ಎರಡೇ ಷರತ್ತು, ಮೂರನೆಯದಿಲ್ಲ.

ಪ್ರತಿ ಭಾನುವಾರ ಪೂರ್ಣ ಪಠ್ಯದ ಅಣಕು ಪರೀಕ್ಷೆ, ಸಂಜೆಯೊಳಗೆ ಪೋಷಕರಿಗೆ ಅಂಕದ ಸಂದೇಶ. ಮೊದಮೊದಲು ನಾನೂರರ ಆಸುಪಾಸಿನಲ್ಲಿದ್ದ ಅಂಕ ದಸರೆಯ ಹೊತ್ತಿಗೆ ಐನೂರು ದಾಟಿತು, ಜನವರಿಯಲ್ಲಿ 612ಕ್ಕೆ ಬಂದು ನಿಂತಿತು. ಮನೆಯಲ್ಲಿ ಎಷ್ಟು ಸಂಭ್ರಮವಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಅದೇ ಜನವರಿಯ ಕೊನೆಯಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2025ರ ನೀಟ್‌ನ ಸ್ವರೂಪವನ್ನು ಬದಲಾಯಿಸಿತು. ಅಲ್ಲಿಯವರೆಗೆ 200 ಪ್ರಶ್ನೆಗಳಲ್ಲಿ 180ಕ್ಕೆ ಉತ್ತರಿಸಿದರೆ ಸಾಕಿತ್ತು, ಸಮಯ 3 ಗಂಟೆ 20 ನಿಮಿಷ. ಹೊಸ ಕ್ರಮದಲ್ಲಿ, ಪ್ರತಿ ವಿಷಯದ ಕೊನೆಯ ‘ಬಿ’ ವಿಭಾಗದಲ್ಲಿ ಕೆಲವು ಪ್ರಶ್ನೆಗಳನ್ನು ಬಿಡಲು ಇದ್ದ ಆಯ್ಕೆಯನ್ನು ತೆಗೆದುಹಾಕಿ, 180 ಪ್ರಶ್ನೆಗಳನ್ನೂ ಕಡ್ಡಾಯ ಮಾಡಿ, ಸಮಯವನ್ನು 3 ಗಂಟೆಗೆ ಇಳಿಸಿದರು. ಪ್ರತಿ ವಿಷಯದ ಕೊನೆಯಲ್ಲಿ ಕಷ್ಟವೆನಿಸಿದ 5 ಪ್ರಶ್ನೆಗಳನ್ನು ಬಿಡುವ ಅಭ್ಯಾಸವಾಗಿದ್ದ ಮಕ್ಕಳಿಗೆ ಇದು ಸಣ್ಣ ಬದಲಾವಣೆಯಲ್ಲ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಎಷ್ಟು ನಿಮಿಷ ಕೊಡಬೇಕು ಎಂಬ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ ರೂಢಿಯಾಗಬೇಕು. ಆದರೆ ಕೇಂದ್ರದವರು ಮಾರ್ಚ್‌ವರೆಗೂ ಹಳೆಯ ಕ್ರಮದ ಪರೀಕ್ಷೆಯನ್ನೇ ನಡೆಸಿದರು. ಫೋನ್ ಮಾಡಿ ಕೇಳಿದಾಗ ‘ಪುಸ್ತಿಕೆಗಳು ಮೊದಲೇ ಮುದ್ರಣವಾಗಿವೆ ಮೇಡಂ, ಮುಗಿದ ಮೇಲೆ ಹೊಸದು ಕೊಡುತ್ತೇವೆ’ ಎಂದರು. ಅವರ ಪುಸ್ತಿಕೆಯ ದಾಸ್ತಾನು ಮುಗಿಯುವವರೆಗೆ ನಮ್ಮ ಮಕ್ಕಳು ಇಲ್ಲದ ಪರೀಕ್ಷೆಗೆ ತಯಾರಾಗುತ್ತಿರಬೇಕು ಎಂದು ಇದರ ಅರ್ಥ.

ಆ ಉತ್ತರ ಕೇಳಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. 2023ರ ಮೂಲ ನೀಟ್ ಪ್ರಶ್ನೆಪತ್ರಿಕೆಯನ್ನು ಮುದ್ರಿಸಿ ತಂದು, ಉತ್ತರ ಗುರುತಿಸುವ ಓಎಂಆರ್ ಹಾಳೆಯ ಪ್ರತಿಯನ್ನೂ ಇಟ್ಟು, ಮಗಳನ್ನು ಮನೆಯಲ್ಲೇ ಗಡಿಯಾರದ ಎದುರು ಕೂರಿಸಿ ಬರೆಸಿದೆ. ನಾನೇ ಕೀ ಉತ್ತರ ಹಿಡಿದು ಕೂಡಿಸಿದೆ. 431 ಬಂತು. ತಪ್ಪಾಗಿ ಕೂಡಿಸಿರಬೇಕೆಂದು ಮತ್ತೊಮ್ಮೆ ಕೂಡಿಸಿದೆ, ಅಷ್ಟೇ ಬಂತು. ಕೇಂದ್ರದಲ್ಲಿ 612, ಮನೆಯಲ್ಲಿ 431. ‘ಮೈ ಹುಷಾರಿರಲಿಲ್ಲವೇ, ಗಾಬರಿಯಾಯಿತೇ’ ಎಂದು ಕೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಲದಿಂದ ಎರಡು ಕಟ್ಟುಗಳನ್ನು ತೆಗೆದು ನನ್ನ ಮುಂದಿಟ್ಟಳು. ಒಂದು, ವಾರದ ನಡುವೆ ಕೊಡುವ ‘ಪುನರಾವರ್ತನಾ ಹಾಳೆ’. ಇನ್ನೊಂದು, ಅದೇ ವಾರದ ಭಾನುವಾರದ ಪ್ರಶ್ನೆಪತ್ರಿಕೆ. ಪ್ರಶ್ನೆಗಳ ಕ್ರಮ ಮಾತ್ರ ಹಿಂದುಮುಂದಾಗಿತ್ತು. ಉಳಿದಂತೆ ಅದೇ ಅಂಕಿಅಂಶ, ಅದೇ ಚಿತ್ರ, ನಾಲ್ಕು ಆಯ್ಕೆಗಳೂ ಅದೇ ಸಾಲಿನಲ್ಲಿ. ಜೀವಶಾಸ್ತ್ರದ ಒಂದು ಪ್ರಶ್ನೆಯಲ್ಲಿದ್ದ ಅಚ್ಚಿನ ದೋಷ ಕೂಡ ಎರಡರಲ್ಲೂ ಹಾಗೆಯೇ ಇತ್ತು. ‘ಎಲ್ಲರಿಗೂ ಹೀಗೇ ಕೊಡುತ್ತಾರಮ್ಮ, ಎಲ್ಲರಿಗೂ ಆರುನೂರು ಬರುತ್ತದೆ’ ಎಂದಳು. ನನಗೆ ಮೈಯೆಲ್ಲ ಬಿಸಿಯಾಯಿತು. ಆ ಕ್ಷಣವನ್ನು ನಾನು ಮರೆಯಲಾರೆ. ಜ್ವರ ಎಷ್ಟಿದೆ ಎಂದು ತಿಳಿಸಬೇಕಾದ ಥರ್ಮಾಮೀಟರನ್ನೇ ತಿದ್ದಿಟ್ಟು, ಮಗು ಆರೋಗ್ಯವಾಗಿದೆ ಎಂದು ತಿಂಗಳುಗಟ್ಟಲೆ ತಾಯಿಗೆ ಹೇಳಿದಂತಾಯಿತು ಇದು. ಅಣಕು ಪರೀಕ್ಷೆ ಇರುವುದು ಎಲ್ಲಿ ಹಿಂದಿದ್ದೇವೆ ಎಂದು ತಿಳಿಯಲಿಕ್ಕೆ. ಅದನ್ನೇ ಸುಳ್ಳು ಮಾಡಿದರೆ ತರಬೇತಿಯಲ್ಲಿ ಉಳಿಯುವುದಾದರೂ ಏನು?

ಮರುದಿನ ಎರಡೂ ಕಟ್ಟುಗಳನ್ನು ತೆಗೆದುಕೊಂಡು ಕೇಂದ್ರದ ಶೈಕ್ಷಣಿಕ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ನಿರಾಕರಿಸಬಹುದು ಎಂದುಕೊಂಡಿದ್ದೆ. ಅವರು ನಿರಾಕರಿಸಲೇ ಇಲ್ಲ. ‘ಇದು ನಮ್ಮ ವಿಧಾನ ಮೇಡಂ. ಅಂಕ ಕಡಿಮೆ ಬಂದರೆ ಮಕ್ಕಳು ಕುಗ್ಗಿಹೋಗುತ್ತಾರೆ. ಆತ್ಮವಿಶ್ವಾಸ ಬೆಳೆಸಲು ಹೀಗೆ ಮಾಡುತ್ತೇವೆ’ ಎಂದರು. ಹಾಗಾದರೆ ಈ ಅಂಕವನ್ನು ನಿಜವಾದ ಅಂಕವೆಂದು ಪೋಷಕರಿಗೆ ಏಕೆ ಕಳುಹಿಸುತ್ತೀರಿ ಎಂದು ಕೇಳಿದೆ. ‘ಅದು ಸಾಫ್ಟ್‌ವೇರ್‌ನಿಂದ ತಾನಾಗಿ ಹೋಗುತ್ತದೆ’ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ನಾನು ಮನೆಯಲ್ಲಿ ಬರೆಸಿದ ಪರೀಕ್ಷೆಯ 431ನ್ನೇ ಹಿಡಿದುಕೊಂಡು, ‘ನೋಡಿ, ನಿಮಗೇ ಗೊತ್ತಾಯಿತಲ್ಲ, ಮಗಳಿಗೆ ಇನ್ನೂ ತಯಾರಿ ಬೇಕು. ನಮ್ಮ ವಿಶೇಷ ಕ್ರ್ಯಾಶ್ ಕೋರ್ಸ್‌ಗೆ ಸೇರಿಸಿ, 35,000 ಆಗುತ್ತದೆ, ನಿಮಗಾಗಿ 30,000 ಮಾಡಿಕೊಡುತ್ತೇನೆ’ ಎಂದು ಹೇಳುವ ಧೈರ್ಯ ಅವರಿಗಿತ್ತು. ಅವರ ಮೋಸವನ್ನು ಬಯಲು ಮಾಡಿದ ಅಂಕವನ್ನೇ ಅವರು ಮಾರಾಟದ ಮಾತಾಗಿ ತಿರುಗಿಸಿದರು. ನಾನು ಎದ್ದು ಬಂದೆ. ಉಳಿದ ದಿನಗಳಲ್ಲಿ ಮಗಳು ತರಗತಿಗೆ ಹೋಗುತ್ತಲೇ ಎನ್‌ಸಿಇಆರ್‌ಟಿ ಪುಸ್ತಕಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮನೆಯಲ್ಲಿ ತಾನೇ ಓದಿಕೊಂಡಳು. ಆದರೆ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ.

2025ರ ಮೇ 4ರ ಪರೀಕ್ಷೆಯಲ್ಲಿ ಭೌತಶಾಸ್ತ್ರ ಬಹಳ ಕಠಿಣವಾಗಿತ್ತು. ದೇಶಕ್ಕೇ ಮೊದಲ ರ್‍ಯಾಂಕ್ ಬಂದವರ ಅಂಕ 686 ಎಂದರೆ ಉಳಿದದ್ದನ್ನು ಊಹಿಸಬಹುದು. ಮಗಳು ನಾನೂರನ್ನು ಮುಟ್ಟಲಿಲ್ಲ.

ಹಣ ವಾಪಸ್ ಕೇಳಲು ಹೋದಾಗಿನ ಉತ್ತರಗಳನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ, ಏಕೆಂದರೆ ನಾಳೆ ನಿಮಗೂ ಇದೇ ಉತ್ತರಗಳು ಬರುತ್ತವೆ. ಮೊದಲನೆಯದು: ‘ಈ ವರ್ಷ ಪೇಪರ್ ಕಷ್ಟವಿತ್ತು ಮೇಡಂ, ನಮ್ಮ ಗ್ಯಾರಂಟಿ ಸಾಮಾನ್ಯ ಮಟ್ಟದ ಪೇಪರ್‌ಗೆ ಮಾತ್ರ.’ ಪೇಪರ್ ಕಷ್ಟವಾದರೆ ನಿಲ್ಲದ ಗ್ಯಾರಂಟಿ ಇನ್ಯಾವಾಗ ನಿಲ್ಲುತ್ತದೆ? ನೀಟ್‌ನಲ್ಲಿ ಸೀಟು ಕೊಡಿಸುವುದು ರ್‍ಯಾಂಕ್, ಅಂಕವಲ್ಲ. 2024ರಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿಗೆ 550 ಅಂಕಕ್ಕೆ ಸರ್ಕಾರಿ ವೈದ್ಯಕೀಯ ಸೀಟು ಸಿಗುವ ಆಸೆಯೇ ಇರಲಿಲ್ಲ, 2025ರಲ್ಲಿ ಅದೇ 550 ಬಹಳ ದೊಡ್ಡ ಅಂಕವಾಯಿತು. ಪೇಪರ್ ಸುಲಭವಿದ್ದಾಗ 550 ಬಂದರೂ ನಮಗೆ ಸೀಟಿಲ್ಲ, ಕಷ್ಟವಿದ್ದಾಗ ಬಾರದಿದ್ದರೂ ಅವರು ಹಣ ಕೊಡುವುದಿಲ್ಲ. ಎರಡು ಕಡೆಯಿಂದಲೂ ಅವರಿಗೇ ಲಾಭ.

ನಾನು ಕೌನ್ಸೆಲರ್ ಕಳುಹಿಸಿದ್ದ ಸಂದೇಶವನ್ನು ತೋರಿಸಿದೆ. ‘ಅವರು ಈಗ ಕೆಲಸ ಬಿಟ್ಟಿದ್ದಾರೆ, ಅದು ಅವರ ವೈಯಕ್ತಿಕ ಮಾತು’ ಎಂದರು. ಆಮೇಲೆ ಎಲ್ಲಿಂದಲೋ ಒಂದು ಷರತ್ತುಗಳ ಹಾಳೆ ಬಂತು. ಅದರಲ್ಲಿ ನನ್ನ ಸಹಿಯೂ ಇಲ್ಲ, ಮಗಳ ಸಹಿಯೂ ಇಲ್ಲ. ಶೇಕಡ 95ರಷ್ಟು ಹಾಜರಿ ಇರಬೇಕಂತೆ, ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಬೆರಳಚ್ಚು ಒತ್ತಿರಬೇಕಂತೆ. ಬೆರಳಚ್ಚಿನ ಯಂತ್ರ ಕೆಟ್ಟು ನಿಂತಿದ್ದ ದಿನಗಳಲ್ಲಿ ಅವಳು ಗೈರುಹಾಜರಿ ಎಂದೇ ದಾಖಲಾಗಿತ್ತು. ಎಲ್ಲಕ್ಕಿಂತ ಕೊನೆಯ ಸಾಲು ಇದು: ‘ಕ್ರ್ಯಾಶ್ ಕೋರ್ಸ್‌ಗೆ ಸೇರದ ವಿದ್ಯಾರ್ಥಿಗಳಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ.’ ಆ ದಿನ ಅವರ ಮೇಜಿನೆದುರಿನಿಂದ ನಾನು ಎದ್ದು ಬಂದಾಗಲೇ ಗ್ಯಾರಂಟಿ ಮುಗಿದಿತ್ತಂತೆ, ನನಗೆ ಯಾರೂ ಹೇಳಿರಲಿಲ್ಲ.

ರಸೀದಿಯಲ್ಲಿ ಇನ್ನೊಂದು ಉಪಾಯವಿತ್ತು. ನಾವು ಕೊಟ್ಟ ಹಣದಲ್ಲಿ 40,000 ಮಾತ್ರ ‘ತರಬೇತಿ ಶುಲ್ಕ’, ಮಿಕ್ಕ 1,20,000 ‘ಅಧ್ಯಯನ ಪುಸ್ತಕಗಳು’ ಎಂದು ಬೇರೆ ಸಂಸ್ಥೆಯ ಹೆಸರಿನ ರಸೀದಿ. ತರಬೇತಿಗೆ ಶೇಕಡ 18 ಜಿಎಸ್‌ಟಿ ಇದೆ, ಮುದ್ರಿತ ಪುಸ್ತಕಕ್ಕೆ ಇಲ್ಲ. ಅದು ಅವರ ಲೆಕ್ಕ. ನಮ್ಮ ಪಾಲಿಗೆ ಅದರ ಅರ್ಥ ಬೇರೆಯೇ ಆಯಿತು: ‘ಪುಸ್ತಕ ಕೊಟ್ಟಾಗಿದೆಯಲ್ಲ ಮೇಡಂ, ಪುಸ್ತಕದ ಹಣ ವಾಪಸ್ ಬರುವುದಿಲ್ಲ.’ ಶುಲ್ಕ ಕಟ್ಟುವ ದಿನ ಒಂದೇ ಮೊತ್ತ ಹೇಳಿ, ಒಂದೇ ಬಾರಿ ಹಣ ಪಡೆದು, ವಾರ ಕಳೆದ ಮೇಲೆ ಎರಡು ರಸೀದಿ ಕಳುಹಿಸಿದ್ದರು.

ಇಷ್ಟೆಲ್ಲ ನಡೆದ ಮೇಲೆ, ಜುಲೈನಲ್ಲಿ, ಅವರ ಕಟ್ಟಡದ ಮುಂದಿನ ಫ್ಲೆಕ್ಸ್‌ನಲ್ಲಿ ನನ್ನ ಮಗಳ ಭಾವಚಿತ್ರ ಕಾಣಿಸಿಕೊಂಡಿತು. ನೀಟ್ ಜೊತೆಗೆ ಸಿಇಟಿ ಬರೆದಿದ್ದ ಅವಳಿಗೆ ಪಶುವೈದ್ಯಕೀಯ ವಿಭಾಗದಲ್ಲಿ ಒಳ್ಳೆಯ ರ್‍ಯಾಂಕ್ ಬಂದಿತ್ತು, ಅದು ಅವಳದೇ ಓದಿನಿಂದ ಬಂದದ್ದು. ‘ನಮ್ಮ ಹೆಮ್ಮೆಯ ಸಾಧಕರು’ ಎಂಬ ಸಾಲಿನ ಕೆಳಗೆ ಅವಳ ಹೆಸರು ಹಾಕಿಸಿದ್ದರು. ನಮ್ಮನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಫೋನ್ ಮಾಡಿದರೆ ‘ನಿಮಗೂ ಹೆಸರು ಬರುತ್ತದಲ್ಲ ಮೇಡಂ’ ಎಂದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಭ್ಯರ್ಥಿ ಆಯ್ಕೆಯಾದ ನಂತರ ಲಿಖಿತ ಒಪ್ಪಿಗೆ ಪಡೆಯದೆ ತರಬೇತಿ ಕೇಂದ್ರಗಳು ಅವರ ಹೆಸರು, ಭಾವಚಿತ್ರ ಬಳಸುವಂತಿಲ್ಲ. ಇದನ್ನು ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ಮೇಲೆ ಆ ಭಾಗಕ್ಕೆ ಬಿಳಿ ಕಾಗದ ಅಂಟಿಸಿದರು. ಕ್ಷಮೆ ಕೇಳಲಿಲ್ಲ.

ಗ್ಯಾರಂಟಿಯ ಕರಪತ್ರವೇ ನಿಯಮಕ್ಕೆ ವಿರುದ್ಧವಾದದ್ದು ಎಂಬುದು ಎಷ್ಟೋ ಪೋಷಕರಿಗೆ ತಿಳಿದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ, ರ್‍ಯಾಂಕ್ ಅಥವಾ ಒಳ್ಳೆಯ ಅಂಕದ ಖಾತ್ರಿ ನೀಡಬಾರದು, ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು ಎಂದು ಸ್ಪಷ್ಟವಾಗಿದೆ. ಆದ್ದರಿಂದ ಯಾವ ಕೇಂದ್ರವಾದರೂ ಅಂಕ ಖಚಿತ ಎಂದು ಹೇಳಿದ ಕೂಡಲೇ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ಸೇರಿಸಿದ್ದರೆ, ಈ ವಾರವೇ ಒಂದು ಮೂಲ ನೀಟ್ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಮೂರು ಗಂಟೆ ಕೂರಿಸಿ ಬರೆಸಿ, ನೀವೇ ಕೂಡಿಸಿ, ಕೇಂದ್ರ ಕಳುಹಿಸಿದ ಅಂಕದ ಪಕ್ಕದಲ್ಲಿಟ್ಟು ನೋಡಿ. ಪುನರಾವರ್ತನಾ ಹಾಳೆಗಳನ್ನೂ ಟೆಸ್ಟ್ ಪತ್ರಿಕೆಗಳನ್ನೂ ಎಸೆಯಬೇಡಿ. ಹಣ ಕಟ್ಟುವ ಕ್ಷಣದಲ್ಲೇ ಪೂರ್ತಿ ಮೊತ್ತಕ್ಕೆ ಒಂದೇ ರಸೀದಿ ಕೇಳಿ, ಕೊಡದಿದ್ದರೆ ಕಟ್ಟಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಾಗ ತರಬೇತಿ ಕೇಂದ್ರದಿಂದ ಬಂದ ಉತ್ತರದಲ್ಲಿ ಮತ್ತೆ ಅದೇ ಸಹಿಯಿಲ್ಲದ ಹಾಳೆ ಇತ್ತು. ಹೀಗಾಗಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿದ್ದೇವೆ. 5 ಲಕ್ಷದವರೆಗಿನ ಮೊತ್ತಕ್ಕೆ ಅಲ್ಲಿ ದೂರಿನ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನಮ್ಮ ಮಗಳ ಬ್ಯಾಚಿನಲ್ಲೇ ಇದ್ದ ಮಕ್ಕಳ ಪೋಷಕರಲ್ಲಿ ಹಲವರು ‘ಹೋದದ್ದು ಹೋಯಿತು, ಹೇಳಿಕೊಂಡರೆ ನಮಗೇ ಅವಮಾನ’ ಎಂದು ಸುಮ್ಮನಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಒಂದೇ ವಾರದ ಎರಡು ಕಟ್ಟುಗಳು ನಿಮ್ಮ ಮನೆಯಲ್ಲಿಯೂ ಇರಬಹುದು, ಹುಡುಕಿ ತೆಗೆದಿಡಿ. ಆಯೋಗದ ಮುಂದೆ ನಮ್ಮ ಒಂದು ಮನೆಯ ಹಾಳೆಗಳಿಗಿಂತ ಹತ್ತು ಮನೆಯ ಹಾಳೆಗಳಿಗೆ ಹೆಚ್ಚು ಬಲವಿರುತ್ತದೆ.